ಆಕಾರ ೧೧೭

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಸ್ಲೈಡಮ್ಮ ಎಂದೇ ಕರೆಯುತ್ತಿದ್ದರು. ಯಂತ್ರ ಹೇಗೆ ನಡೆಸಬೇಕು, ಬೆಂಕಿ ಬಿದ್ದರೆ ಯಾವ ಬಾಗಿಲಿನಿಂದ ಓಡಬೇಕು ಎಂದು ಹೊಸಬರಿಗೆ ತೋರಿಸುವ ಸ್ಲೈಡುಗಳನ್ನು ಮಾಡುವುದು ಅವಳ ಕೆಲಸ. ಹನ್ನೊಂದು ವರ್ಷದಿಂದ ತರಬೇತಿ ಕೋಣೆಯ ಕಿಟಕಿ ಪಕ್ಕ ಕೂತು ಪರದೆಯ ಮೇಲೆ ಬಾಣ ಓಡಿಸಿದ್ದಳು, ಚಕ್ರ ತಿರುಗಿಸಿದ್ದಳು. ಸಿಟ್ಟು ಅವಳಿಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಅದೆಲ್ಲ ದಿನಾ ಪ್ರಿಂಟರಿನ ಮೇಲೋ, ತಲೆಬುಡವಿಲ್ಲದ ಫೈಲು ಕಳಿಸುವವರ ಮೇಲೋ ಖರ್ಚಾಗಿ ಹೋಗುತ್ತಿತ್ತು.

ಬಾಯ್ಲರ್ ಮನೆಯಲ್ಲಿ ಉಗಿಯ ಪೈಪು ಸಿಡಿದು ಹದಿನಾರು ದಿನವಾಗಿತ್ತು. ಬಾಯ್ಲರ್ ನೋಡಿಕೊಳ್ಳುತ್ತಿದ್ದ ಮೀಸೆಯಣ್ಣ ಎರಡೂ ಕೈ ಸುಟ್ಟುಕೊಂಡು ಆಸ್ಪತ್ರೆ ಸೇರಿದ್ದ. ಗುರುವಾರ ವಿಚಾರಣೆ, ಹೊರಗಿನಿಂದ ತನಿಖಾಧಿಕಾರಿ ಬರುವವರಿದ್ದರು. ಸೋಮವಾರ ಮ್ಯಾನೇಜರು ಸ್ಲೈಡಮ್ಮನನ್ನು ಕರೆದು, ನಡೆದದ್ದನ್ನು ಹಂತಹಂತವಾಗಿ ತೋರಿಸುವ ಸ್ಲೈಡು ಬೇಕೆಂದರು.

"ಮೀಸೆ ಹೋಗಿ ಕೈ ವಾಲ್ವ್ ತಿರುಗಿಸಿದ, ಪೈಪು ಸಿಡೀತು. ಅಷ್ಟೇ ಕಣಮ್ಮ. ಕೆಂಪು ಗಿಂಪು ಹಾಕಿ ಎಲ್ಲರಿಗೂ ತಿಳಿಯೋ ಹಾಗೆ ಮಾಡು."

ಬಾಯ್ಲರ್ ಮನೆಯ ನಕ್ಷೆಯನ್ನು ನಕ್ಷೆ ಕೋಣೆಯ ಹಿರಿಯರು ಕಳಿಸಿಕೊಟ್ಟರು. ಅವರನ್ನು ಎಲ್ಲರೂ ನಕ್ಷೆ ತಾತ ಎನ್ನುತ್ತಿದ್ದರು. ನಕ್ಷೆಯನ್ನು ಸ್ಲೈಡಿನೊಳಗೆ ತಂದು ಅದರ ಭಾಗಗಳನ್ನು ಬಿಡಿಸಿದ್ದೇ ತಡ, ಅದು ಕೈಜಾರಿ ಬಿದ್ದ ಮಡಕೆಯಂತೆ ಇನ್ನೂರ ನಲವತ್ತು ಚೂರಾಯಿತು. ಪಕ್ಕದ ಪಟ್ಟಿಯಲ್ಲಿ ಆಕಾರ ೧, ಆಕಾರ ೨ ಎಂದು ಸಾಲುಗಟ್ಟಿ ನಿಂತವು. ಯಾವುದು ಪೈಪು, ಯಾವುದು ಬೋಲ್ಟು, ದೇವರಿಗೇ ಗೊತ್ತು. ಹೆಸರಿಡದೆ ಇವನ್ನು ಕುಣಿಸಲು ಹೋದರೆ ಉಗಿ ಹೋಗಬೇಕಾದಲ್ಲಿ ನೀರು ಹೋಗುತ್ತದೆ ಎಂದು ಅವಳಿಗೆ ಅನುಭವದಿಂದ ಗೊತ್ತಿತ್ತು. ಹಾಗಾಗಿ ಒಂದೊಂದನ್ನೇ ಒತ್ತಿ, ಚಿತ್ರದಲ್ಲಿ ಯಾವುದು ಮಿನುಗುತ್ತದೆ ನೋಡಿ ಹೆಸರು ಬರೆಯುತ್ತ ಹೋದಳು. 'ಉಗಿ ಪೈಪು ಮೇಲಿನದು', 'ಒತ್ತಡದ ಮುಳ್ಳು', 'ಕೈ ವಾಲ್ವ್ ಚಕ್ರ'. ಬೋಲ್ಟುಗಳನ್ನೆಲ್ಲ ಒಟ್ಟುಗೂಡಿಸಿ ಒಂದು ಗುಂಪು ಮಾಡಿ, 'ಸುಮ್ಮನಿರುವವು' ಎಂದು ಬರೆದಳು.

ಮಂಗಳವಾರ ಊಟದ ಹೊತ್ತಿಗೆ ನೂರಾಹದಿನಾರು ಮುಗಿದಿತ್ತು. ಅದರ ಮುಂದಿನದಕ್ಕೆ ಹೆಸರು ಆಗಲೇ ಇತ್ತು. ನಕ್ಷೆಯಿಂದಲೇ ಅಂಟಿಕೊಂಡು ಬಂದದ್ದು: 'ಸೇಫ್ಟಿ ವಾಲ್ವ್. ಅಂಟಿಕೊಂಡಿದೆ, ಬದಲಿಸಬೇಕು. ಮೂರನೇ ಸಲ ಹೇಳಿದ್ದು.'

ಅವಳು ಎರಡು ಸಲ ಓದಿದಳು. ಒತ್ತಡ ಮಿತಿಮೀರಿದರೆ ತಾನಾಗಿ ತೆರೆದುಕೊಂಡು ಉಗಿಯನ್ನು ಹೊರಬಿಡಬೇಕಾದ ವಾಲ್ವ್ ಅದು. ಅದೇ ಅಂಟಿಕೊಂಡಿದ್ದರೆ ಬಾಯ್ಲರಿನ ಮುಂದೆ ನಿಂತವನಿಗೆ ಕೈ ವಾಲ್ವ್ ತಿರುಗಿಸಿ ಉಗಿ ಇಳಿಸುವುದು ಬಿಟ್ಟು ಬೇರೆ ದಾರಿ ಎಲ್ಲಿದೆ? ಮೀಸೆಯಣ್ಣ ತಪ್ಪು ಮಾಡಿರಲಿಲ್ಲ. ಇಡೀ ಕಟ್ಟಡ ಹಾರಿಹೋಗದಂತೆ ತಡೆದಿದ್ದ.

ಊಟ ಬಿಟ್ಟು ಸೀದಾ ನಕ್ಷೆ ಕೋಣೆಗೆ ಹೋದಳು.

"ತಾತಾ, ಇದು ನೀವು ಬರೆದಿದ್ದಾ?"

ತಾತ ಕನ್ನಡಕ ತೆಗೆದು ಒರೆಸಿದರು. "ಮ್ಯಾನೇಜರ್ ಸಾಹೇಬರಿಗೆ ಮೂರು ಸಲ ಹೇಳ್ದೆ ತಾಯಿ. ಮೂರು ಸಲಾನೂ 'ಮುಂದಿನ ತಿಂಗಳು ನೋಡೋಣ' ಅಂದ್ರು. ನನ್ನ ನೆನಪಿಗಿರ್ಲಿ ಅಂತ ಅಲ್ಲಿ ಬರೆದಿಟ್ಟೆ."

"ಕಾಗದದಲ್ಲಿ ಬರೆದು ಕೊಟ್ರಾ?"

"ಬಾಯಲ್ಲೇ ಹೇಳಿದ್ದು."

"ಯಾರ ಕಣ್ಣಿಗೂ ಬೀಳದ ಕಡೆ ಬರೆದ್ರೆ ಯಾರು ತಾತಾ ಓದ್ತಾರೆ? ಮೀಸೆಯಣ್ಣ ಬಂದು ನಿಮ್ಮ ನಕ್ಷೆ ಬಿಚ್ಚಿ ನೋಡ್ಬೇಕಿತ್ತಾ?"

"ನಿವೃತ್ತಿಗೆ ಎಂಟು ತಿಂಗಳಿದೆ ಕಣಮ್ಮಾ," ಎಂದರು ತಾತ, ಕನ್ನಡಕ ಒರೆಸುತ್ತಲೇ. ಆ ಕನ್ನಡಕವನ್ನು ಕಿತ್ತು ಎಸೆಯಬೇಕೆನ್ನಿಸಿತು ಅವಳಿಗೆ. ಹಲ್ಲು ಕಚ್ಚಿಕೊಂಡು ವಾಪಸಾದಳು.

ನಡೆದ ಹಾಗೆಯೇ ಸ್ಲೈಡು ಕಟ್ಟಿದಳು. ಮೊದಲು ಮುಳ್ಳು ಕೆಂಪು ಗೆರೆ ದಾಟುತ್ತದೆ. ಸೇಫ್ಟಿ ವಾಲ್ವ್ ಅಲುಗುವುದಿಲ್ಲ. ಆಮೇಲೆ ಕೈ ವಾಲ್ವ್ ತಿರುಗುತ್ತದೆ, ಕೊನೆಗೆ ಪೈಪು ಸಿಡಿಯುತ್ತದೆ. ಬುಧವಾರ ಅದನ್ನು ನೋಡಿದ ಮ್ಯಾನೇಜರ ಮುಖ ಹುಳಿ ಹಿಂಡಿದಂತಾಯಿತು. ಪಕ್ಕದ ಪಟ್ಟಿಯನ್ನು ಬೆರಳಿಟ್ಟು ಓದಿಕೊಂಡರು.

"ಈ ಹೆಸರುಗಳು ಪರದೆ ಮೇಲೆ ಕಾಣ್ತವಾ?"

"ಇಲ್ಲ ಸರ್."

"ಮತ್ತೆ ಇದ್ರೇನು, ಹೋದ್ರೇನು?"

ಅವಳ ಕೈಯಿಂದ ಮೌಸು ಕಸಿದುಕೊಂಡು ಸೇಫ್ಟಿ ವಾಲ್ವಿನ ಸಾಲನ್ನು ಅಳಿಸಿ 'ಆಕಾರ ೧೧೭' ಎಂದು ಬರೆದರು. ಕೈ ವಾಲ್ವಿನ ಹಂತವನ್ನು ಎಳೆದು ಎಲ್ಲಕ್ಕಿಂತ ಮೇಲಿಟ್ಟರು.

"ಸರ್, ಅದು ಸುಳ್ಳು."

"ನಿನ್ನ ಕೆಲಸ ಬಾಣ ಓಡಿಸೋದು, ಪಂಚಾಯ್ತಿ ಮಾಡೋದಲ್ಲ. ನಾಳೆ ಬಂದು ಗುಂಡಿ ಒತ್ತು, ಸಾಕು."

ಅವಳು ಕೈ ತೊಳೆಯುವ ಕೋಣೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು. ಅಳು ಬಂದಿದ್ದರೆ ಹಗುರಾಗುತ್ತಿತ್ತೇನೋ, ಬರಲಿಲ್ಲ. ಹನ್ನೊಂದು ವರ್ಷ ಇದೇ ಮನುಷ್ಯನಿಗೆ 'ಸುರಕ್ಷತೆಯೇ ಮೊದಲು' ಎಂಬ ಅಕ್ಷರಗಳನ್ನು ಎಡದಿಂದ ಹಾರಿಸಿ ತಂದು ನಿಲ್ಲಿಸಿಕೊಟ್ಟಿದ್ದೆನಲ್ಲ ಎಂದು ನೆನೆದರೆ ಮೈಯೆಲ್ಲ ಉರಿದುಹೋಯಿತು.

ಸಂಜೆ ಮನೆಯಲ್ಲಿ ಪಾತ್ರೆಗಳ ಸದ್ದು ಕೇಳಿ ಅಮ್ಮ ಅಡುಗೆಮನೆಗೆ ಬಂದರು. ಎಲ್ಲ ಕೇಳಿಸಿಕೊಂಡು, "ದುಡುಕಬೇಡ ಕಣೇ. ಸಿಟ್ಟಲ್ಲಿ ಕೊಯ್ಕೊಂಡ ಮೂಗು ಶಾಂತವಾದ ಮೇಲೆ ಬರಲ್ಲ," ಎಂದರು.

"ಇಲ್ಲಿ ಹೋಗಿರೋದು ನನ್ನ ಮೂಗಲ್ಲಮ್ಮ, ಇನ್ನೊಬ್ಬರ ಕೈ."

ಅಮ್ಮ ಅವಳ ಕೈಯಿಂದ ಪಾತ್ರೆ ತೆಗೆದುಕೊಂಡು ತಾವೇ ತೊಳೆಯತೊಡಗಿದರು.

ಗುರುವಾರ ಉದ್ದನೆಯ ಮೇಜಿನ ತುದಿಯಲ್ಲಿ ತನಿಖಾಧಿಕಾರಿ ಕೂತಿದ್ದರು, ಗಿಡ್ಡಗೆ ಕತ್ತರಿಸಿದ ಬಿಳಿ ಕೂದಲಿನ ತೆಳ್ಳನೆಯ ಹೆಂಗಸು. ಮೀಸೆಯಣ್ಣನನ್ನು ಆಸ್ಪತ್ರೆಯಿಂದ ಕರೆಸಿದ್ದರು. ಎರಡೂ ಕೈಗೆ ಮೊಣಕೈವರೆಗೆ ಬಟ್ಟೆ ಸುತ್ತಿತ್ತು. ಅವನ ಹೆಂಡತಿ ಹಿಂದೆ ಕೂತು ನೀರಿನ ಬಾಟಲಿ ಹಿಡಿದುಕೊಂಡಿದ್ದಳು.

ಸ್ಲೈಡಮ್ಮ ಗುಂಡಿ ಒತ್ತಿದಳು. ಪರದೆಯಲ್ಲಿ ಕೈ ವಾಲ್ವ್ ತಿರುಗಿತು. ಪೈಪು ಕೆಂಪಾಯಿತು.

"ಹಾಗಲ್ಲ ಅದು!" ಮೀಸೆಯಣ್ಣ ಎದ್ದುಬಿಟ್ಟ. "ಮುಳ್ಳು ಆಗ್ಲೇ ಕೆಂಪು ದಾಟಿತ್ತು! ನಾನು ಕಾದೆ, ಉಗಿ ಹೊರಗೆ ಹೋಗ್ಲೇ ಇಲ್ಲ!" ತೋರಿಸಲೆಂದು ಕೈ ಎತ್ತಿದ. ತೋರಿಸಲು ಬೆರಳು ಸಿಗದೆ ಆ ಬಟ್ಟೆಯ ಗಂಟು ಗಾಳಿಯಲ್ಲಿ ಹಾಗೇ ನಿಂತಿತು.

"ನಿನ್ನ ಸರದಿ ಬಂದಾಗ ಮಾತಾಡಪ್ಪ," ಎಂದರು ಮ್ಯಾನೇಜರು.

ತನಿಖಾಧಿಕಾರಿ ಸ್ಲೈಡಮ್ಮನ ಕಡೆ ತಿರುಗಿದರು. "ಯಾವುದು ಮೊದಲು, ಯಾವುದು ಆಮೇಲೆ ಅಂತ ನಿಮಗೆ ಯಾರು ಹೇಳಿದ್ದು?"

"ನಾನು ಮಾಡಿದ್ದು ಬೇರೆ ಥರ ಇತ್ತು ಮೇಡಂ. ನಿನ್ನೆ ಸಾಹೇಬರು ಬದಲಾಯಿಸಿದ್ರು." ಅವಳ ದನಿ ಅವಳಿಗೇ ಒರಟಾಗಿ ಕೇಳಿಸಿತು.

"ಏನಮ್ಮಾ ಇದು—" ಮ್ಯಾನೇಜರು ಎದ್ದರು.

"ಕೂತ್ಕೊಳ್ಳಿ," ಎಂದರು ತನಿಖಾಧಿಕಾರಿ.

ಸ್ಲೈಡಮ್ಮ ಖಾಲಿ ಸ್ಲೈಡೊಂದನ್ನು ತೆರೆದು, ತಾತ ಕಳಿಸಿದ್ದ ಮೂಲ ನಕ್ಷೆಯನ್ನು ಎಲ್ಲರ ಎದುರಲ್ಲೇ ಒಳಗೆ ತಂದಳು. ಬಿಡಿಸಿದಳು. ಪಟ್ಟಿಯನ್ನು ದೊಡ್ಡದು ಮಾಡಿ ಕೆಳಗಿಳಿಸುತ್ತ ಹೋಗಿ ನಿಲ್ಲಿಸಿದಳು. ತನಿಖಾಧಿಕಾರಿ ಗಟ್ಟಿಯಾಗಿ ಓದಿದರು: "ಅಂಟಿಕೊಂಡಿದೆ, ಬದಲಿಸಬೇಕು. ಮೂರನೇ ಸಲ ಹೇಳಿದ್ದು. ಯಾರು, ಯಾರಿಗೆ ಹೇಳಿದ್ದು?"

ತಾತನನ್ನು ಕರೆಸಿದರು. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡೇ ನಿಂತು, ಒಂದು ಸಲ ಮ್ಯಾನೇಜರ ಮುಖ ನೋಡಿ, "ನಾನೇ ಹೇಳಿದ್ದು. ಇವರಿಗೇ," ಎಂದರು.

ಎರಡು ತಿಂಗಳ ಮೇಲೆ ವರದಿ ಬಂತು. ಮೀಸೆಯಣ್ಣನದು ತಪ್ಪಿಲ್ಲ ಎಂದಿತ್ತು. ಮ್ಯಾನೇಜರು ಇನ್ನೊಂದು ಶಾಖೆಗೆ ಹೋದರು, ಅದೇ ದರ್ಜೆಯ ಕುರ್ಚಿಗೆ. ಸ್ಲೈಡಮ್ಮನನ್ನು ಗೇಟಿನ ಪಾಸು ಬರೆಯುವ ಕೆಲಸಕ್ಕೆ ಹಾಕಿದರು. ಯಾಕೆಂದು ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಹೊಸ ಸೇಫ್ಟಿ ವಾಲ್ವ್ ಮಾತ್ರ ವಿಚಾರಣೆಯಾದ ಒಂದೇ ವಾರದಲ್ಲಿ ಬಂದಿತ್ತು.

ವರದಿಯ ಪ್ರತಿ ಹಿಡಿದು ಅವಳು ಮೀಸೆಯಣ್ಣನ ಮನೆಗೆ ಹೋದಳು. ಅವನ ಹೆಂಡತಿ ಗಂಡನಿಗೆ ಅಂಗಿ ತೊಡಿಸುತ್ತಿದ್ದಳು. ಅವನ ಬಲಗೈಯಲ್ಲಿ ಮೂರು ಬೆರಳು ಉಳಿದಿದ್ದವು.

"ತಪ್ಪಿಲ್ಲ ಅಂತ ಬರೆದಿದ್ದಾರೆ ಅತ್ತಿಗೆ," ಎಂದಳು ಸ್ಲೈಡಮ್ಮ.

ಆಕೆ ಕಾಗದದ ಕಡೆ ನೋಡಲಿಲ್ಲ. "ಆ ನಕ್ಷೆ ತಾತನ ಕೋಣೆಯಿಂದ ಬಾಯ್ಲರ್ ಮನೆಗೆ ಎಷ್ಟು ಹೆಜ್ಜೆ ಆಗತ್ತೆ?"

"ನಲವತ್ತು ಇರಬಹುದು."

"ನಲವತ್ತು ಹೆಜ್ಜೆ ನಡೆದು ಬಂದು ಇವರಿಗೊಂದು ಮಾತು ಹೇಳೋಕೆ ಆಗ್ಲಿಲ್ವಾ? ಮೂರು ಸಲದಲ್ಲಿ ಒಂದು ಸಲ?"

ಸ್ಲೈಡಮ್ಮ ಕಾಗದವನ್ನು ಮಡಿಸಿದಳು. ಆಕೆ ಗಂಡನ ಅಂಗಿಯ ಗುಂಡಿಗಳನ್ನು ಕೆಳಗಿನಿಂದ ಒಂದೊಂದಾಗಿ ಹಾಕುತ್ತ ಬಂದು, ಕೊರಳಿನದು ಬಿಗಿಯಾಯಿತೇನೋ ಎಂದು ಮತ್ತೆ ಬಿಚ್ಚಿದಳು.