ಹಗ್ಗದ ಮೇಲೆ ಬೂಟು

ಮುಂಬುವಾಳ ಅಂಗಡಿಗೆ ಗೋಡೆಯಿಲ್ಲ, ಬಾಗಿಲಿಲ್ಲ. ಇರುವುದು ಒಂದು ತಾಡಪಾಲು, ಅದರ ನಾಲ್ಕು ಮೂಲೆಗೂ ಹೊಲಿದ ಹಗ್ಗ, ಮೇಲೆ ಯುರೋಪಿನವರು ಉಟ್ಟು ಬಿಟ್ಟ ಹಳೇ ಬಟ್ಟೆ. ಬಸ್ ನಿಲ್ದಾಣದ ಪಕ್ಕದ ಆ ಬೀದಿಯ ಹೆಂಗಸರದ್ದೆಲ್ಲ ಇಂಥದೇ ಅಂಗಡಿ. ಮಾಲು ಹೊತ್ತೊಯ್ಯಲು ಬರುವ ನಗರಸಭೆಯ ಲಾರಿ ಕಂಡರೆ ತುದಿಯಲ್ಲಿದ್ದವಳು ಸಿಳ್ಳೆ ಹಾಕುತ್ತಾಳೆ. ಹಗ್ಗ ಎಳೆದರೆ ಅಂಗಡಿ ಗಂಟಾಗುತ್ತದೆ. ಗಂಟು ಬೆನ್ನಿಗೆ ಹಾಕಿ ಓಡುವುದು. ಕಳೆದ ಮಳೆಗಾಲದಲ್ಲಿ ಎಳೆಯುವುದು ತಡವಾಗಿ ಲಾಠಿ ಏಟಿಗೆ ಒಬ್ಬಳ ಬಲಗಣ್ಣು ಹೋಯಿತು. ಕೆಲಸ ಕೇಳಿದರೆ ನಗರಸಭೆಯವರು ಇಲ್ಲ ಅನ್ನುತ್ತಾರೆ, ಲೈಸೆನ್ಸ್ ಕೇಳಿದರೆ ನಾಳೆ ಬಾ ಅನ್ನುತ್ತಾರೆ. ಲಾಠಿ ಏಟನ್ನು ಮಾತ್ರ ಕೇಳದೆಯೇ ಧಾರಾಳವಾಗಿ ಕೊಡುತ್ತಾರೆ.

ಹಗ್ಗ ಹೊಲಿದುಕೊಟ್ಟವನು ಅವಳ ತಮ್ಮ ಕಿಲೋಂಜೊ. ಎಲೆಕ್ಟ್ರಿಕಲ್ ಡಿಪ್ಲೊಮಾ ಪಾಸಾದವನು. ಕಾರ್ಖಾನೆಗಳ ಗೇಟು ಕಾದು ಕಾದು ಚಪ್ಪಲಿ ಸವೆಸಿದ. ಕೊನೆಗೆ ಅಕ್ಕನ ಪಕ್ಕದಲ್ಲೇ ಕೂತು ಬಟ್ಟೆ ಮಾರಿದ. ಒಂದು ಸಂಜೆ ಉಗಾಲಿ ಮುದ್ದೆ ಮುರಿಯುತ್ತಾ ಹೇಳಿದ.

"ನಗರಸಭೆ ದಳಕ್ಕೆ ಹುಡುಗ್ರನ್ನ ತಗೋತಿದಾರಂತೆ. ಕೈ ಬೆಚ್ಚಗೆ ಮಾಡ್ಬೇಕು."

"ನಮ್ಮನ್ನ ಬಡಿಯೋ ದಳಕ್ಕಾ?"

"ನಾನಲ್ದಿದ್ರೆ ಇನ್ಯಾರೋ ಸೇರ್ಕೋತಾರೆ ಅಕ್ಕ. ನಾನಿದ್ರೆ ಲಾರಿ ಹೊರಡೋ ಮುಂಚೆನೇ ನಿಂಗೆ ಫೋನ್ ಬರುತ್ತೆ."

ಮುಂಬುವಾ ಇನ್ನೂ ಬಿಚ್ಚದಿದ್ದ ಬಟ್ಟೆ ಮೂಟೆಯನ್ನು ಹಾಗೇ ಮಾರಿ ಲಂಚ ಕೊಟ್ಟಳು. ಸಮವಸ್ತ್ರ, ಬೂಟು, ಲಾಠಿ ಕೂಡ ಸೇರುವವನ ಖರ್ಚೇ ಅಂತೆ. ಅದನ್ನೂ ಕೊಟ್ಟಳು. ಒಡಹುಟ್ಟಿದವನಿಗೆ ಒಂದು ದಾರಿಯಾಯಿತಲ್ಲ ಎಂದು ಖುಷಿಪಟ್ಟಳು.

ಮಾತಿನಂತೆ ಮೂರು ಸಲ ಫೋನ್ ಬಂತು. ಮೂರು ಸಲವೂ ಬೀದಿ ಖಾಲಿ, ಲಾರಿ ಬರಿಗೈಯಲ್ಲಿ ವಾಪಸ್. ಕಾಲುಚೀಲ ಮಾರುವ ಸ್ಯೋಕಾವ್ ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕಳು.

"ಇನ್ಮೇಲೆ ಲಾರಿ ನಮ್ಮನೇದು ಕಣ್ರೇ. ಮುಂಬುವಾ, ನಿನ್ನ ತಮ್ಮನಿಗೆ ನಾನೇ ಹೆಣ್ಣು ನೋಡ್ತೀನಿ."

"ನಿನ್ನನ್ನೇ ಕಟ್ಕೊಳ್ಳಲಿ ಬಿಡು ಅಜ್ಜಿ."

ಹೆಂಗಸರು ಧೈರ್ಯವಾಗಿ ಹೆಚ್ಚು ಮಾಲು ತಂದರು. ಸಿಳ್ಳೆ ಹಾಕುವ ಜಾಗದಲ್ಲಿ ಯಾರೂ ಕೂರದಾದರು.

ನಾಲ್ಕನೇ ಸಲ ಫೋನ್ ಬರಲಿಲ್ಲ. ಬೆಳಗಿನ ವ್ಯಾಪಾರ ಜೋರಾಗಿದ್ದಾಗ ಲಾರಿಯೇ ಬಂತು. ಎಲ್ಲರೂ ಮುಂಬುವಾಳ ಮುಖ ನೋಡಿದರು. ಅವಳಿಗೆ ಲಾರಿಯ ಹಿಂಬದಿಯಲ್ಲಿ ತಮ್ಮ ಕಂಡ.

"ಹೆದರ್ಬೇಡಿ, ನಮ್ಮ ಹುಡುಗ ಇದಾನೆ," ಅಂದಳು.

ಯಾರೂ ಹಗ್ಗ ಎಳೆಯಲಿಲ್ಲ.

ಮೊದಲು ಧುಮುಕಿದವನು ಕಿಲೋಂಜೊ. ನೇರ ಬಂದು ಅಕ್ಕನ ಹಗ್ಗದ ಮೇಲೆ ಬೂಟಿಟ್ಟ.

"ಹಗ್ಗ ತುಳೀರಿ," ಎಂದು ಉಳಿದವರಿಗೆ ಕೂಗಿದ. "ಮೊದ್ಲು ಹಗ್ಗ."

ಓಡಲು ಇದ್ದ ಸಂದಿಯಲ್ಲೂ ಆಗಲೇ ನಾಲ್ವರು ನಿಂತಿದ್ದರು. ಬೀದಿಯ ಗುಟ್ಟು ಬಲ್ಲ ಹುಡುಗನನ್ನೇ ದಳಕ್ಕೆ ಸೇರಿಸಿಕೊಂಡಿದ್ದು ಇದಕ್ಕೇ. ಕೊಡಲಿ ಕಾವು ಕುಲಕ್ಕೆ ಮೃತ್ಯು.

ಲಾಠಿ ಬೀಸಿದವರು ವಯಸ್ಸು ನೋಡಲಿಲ್ಲ. ಕಾಲುಚೀಲ ಬಾಚಿಕೊಳ್ಳಲು ಬಗ್ಗಿದ ಸ್ಯೋಕಾವ್ ಅಜ್ಜಿಯ ನೆತ್ತಿ ಒಡೆಯಿತು. ಬಸುರಿಯೊಬ್ಬಳನ್ನು ಕೂದಲು ಹಿಡಿದು ಲಾರಿಯತ್ತ ಎಳೆದರು. ಮುಂಬುವಾ ಮಾತ್ರ ತಾಡಪಾಲಿನ ಮೇಲೆ ಕೂತೇ ಇದ್ದಳು.

"ಇವಳೇ ಅಲ್ವೇನೋ ನಿನ್ನಕ್ಕ?" ದಳದ ಸಾರ್ಜೆಂಟ್ ಕೇಳಿದ. "ಮೂರು ಸಲ ಇವಳಿಗೆ ಫೋನ್ ಮಾಡ್ದೆ ನೀನು. ನಂಗೊತ್ತಿಲ್ಲ ಅಂದ್ಕೊಂಡ್ಯಾ? ಕೆಲಸ ಬೇಕೋ, ಅಕ್ಕ ಬೇಕೋ? ಗೇಟಿನ ಹತ್ರ ನಿನ್ನಂಥೋರು ಇನ್ನೂರು ಜನ ಸಾಲಲ್ಲಿದಾರೆ."

ಕಿಲೋಂಜೊ ಲಾಠಿ ಎತ್ತಿದ. "ಓಡಕ್ಕ," ಅಂದ, ತುಟಿಯಲ್ಲೇ. ಅವಳು ಓಡಲಿಲ್ಲ. ಅವನು ಹೊಡೆದ. ಅಡ್ಡ ಹಿಡಿದ ಎಡಗೈ ಲಟಕ್ಕೆಂದಿತು.

ನೋವಿಗಿಂತ ಮೊದಲು ಸಿಟ್ಟು ಬಂತು. ಎರಡನೇ ಏಟಿಗೆ ಇಳಿದ ಲಾಠಿಯನ್ನು ಬಲಗೈಯಲ್ಲಿ ಹಿಡಿದಳು.

"ಇದು ನನ್ನ ಮೂಟೆ ಮಾರಿದ ದುಡ್ಡು ಕಣೋ. ಬಿಡು."

ಅವನು ಬಿಟ್ಟ. ಅವಳು ಅದೇ ಲಾಠಿಯಲ್ಲಿ ಸಾರ್ಜೆಂಟನ ಮೊಣಕಾಲಿಗೆ ಬೀಸಿದಳು.

ಆಮೇಲೆ ಬೀದಿಗೆ ಬೀದಿಯೇ ಎದ್ದಿತು. ಕೆಳಗೆ ಬಿದ್ದ ಸಾರ್ಜೆಂಟನ ಕಾಲಿಗೆ ಹಗ್ಗ ಸುತ್ತಿ ಹೆಂಗಸರು ಡಾಂಬರಿನ ಮೇಲೆ ದರದರ ಎಳೆದರು. ಕಲ್ಲು, ಬಾಟಲಿ, ಚಪ್ಪಲಿ ಹಾರಿದವು. ಬಸ್ಸಿನ ಕ್ಲೀನರುಗಳೂ ಬಂದು ಸೇರಿಕೊಂಡರು. ಬಸುರಿಯನ್ನು ಕೆಳಕ್ಕೆ ನೂಕಿ, ಹಲ್ಲು ಮುರಿದ ಸಾರ್ಜೆಂಟನನ್ನು ಮೇಲಕ್ಕೆತ್ತಿಕೊಂಡು ಲಾರಿ ಓಡಿತು. ಕಿಲೋಂಜೊನನ್ನು ಹತ್ತಿಸಿಕೊಳ್ಳಲು ಯಾರೂ ಕಾಯಲಿಲ್ಲ.

ಅವನು ಅಲ್ಲೇ ಉಳಿದ. ಯಾರೋ ಹಳೇ ಟಯರು ಉರುಳಿಸಿಕೊಂಡು ಬಂದು ಅವನ ಕೊರಳಿಗೆ ಹಾಕಿದರು. ಇನ್ಯಾರೋ ಬೈಕಿನಿಂದ ಪೆಟ್ರೋಲ್ ಇಳಿಸಿದರು.

"ಸುಡಬೇಡಿ," ಅಂದಳು ಮುಂಬುವಾ.

"ನಿನ್ನ ಕೈ ಮುರಿದ ಕಣೇ. ಅಜ್ಜಿ ನೋಡು, ಬದುಕ್ತಾಳೋ ಇಲ್ವೋ."

"ನೋಡಿದೀನಿ. ಹೊಟ್ಟೆ ಉರೀತಿದೆ. ಆದ್ರೂ ಸುಡಬೇಡಿ. ಇವನ್ನ ಸುಟ್ರೆ ನಾಳೆ ಇನ್ನೊಬ್ಬ ಬರ್ತಾನೆ." ತಮ್ಮನತ್ತ ತಿರುಗಿದಳು. "ಬಿಚ್ಚು. ಮೈಮೇಲಿರೋದು ನಂದು."

ಅವನು ಅಂಗಿ ಬಿಚ್ಚಿದ, ಪ್ಯಾಂಟು ಬಿಚ್ಚಿದ, ಬೂಟು ಬಿಚ್ಚಿದ. ಚಡ್ಡಿಯಲ್ಲಿ ನಿಂತು ಅಳತೊಡಗಿದ. ಅವಳಿಗೂ ಅಳು ಬಂತು, ನುಂಗಿಕೊಂಡಳು. ರಾಶಿಯಿಂದ ಒಂದು ಪ್ಯಾಂಟು ಎಸೆದಳು.

"ಹಾಕ್ಕೊಂಡು ಹೋಗು. ಮನೆಗೆ ಬರಬೇಡ."

ಜನ ದಾರಿ ಬಿಟ್ಟರು. ಹೋಗುವಾಗ ಸುಮಾರು ಜನ ಉಗಿದರು. ಅಜ್ಜಿಯನ್ನು ತಳ್ಳುಗಾಡಿಯಲ್ಲಿ ಮಲಗಿಸಿ ಆಸ್ಪತ್ರೆಗೆ ಒಯ್ದರು. ನೀನೂ ಹತ್ತು ಅಂದರೆ ಮುಂಬುವಾ ಕೇಳಲಿಲ್ಲ. ಸಮವಸ್ತ್ರವನ್ನು ಕೊಡವಿ ತಾಡಪಾಲಿನ ಮೇಲೆ ಹರವಿದಳು. ಮುರಿದ ಕೈ ಮಡಿಲಲ್ಲಿಟ್ಟುಕೊಂಡು ಎಂದಿನ ದನಿಯಲ್ಲೇ ಕೂಗಿದಳು.

"ಬನ್ನಿ ಬನ್ನಿ, ನಗರಸಭೆ ಅಂಗಿ, ಐವತ್ತು ಷಿಲ್ಲಿಂಗ್. ಅಕ್ಕನ್ನ ಹೊಡೆಯೋ ಅಂಗಿ, ಐವತ್ತೇ ಐವತ್ತು."

ಜನ ನಕ್ಕರು. ಕೇಕೆ ಹಾಕಿದರು. ಆ ನಗುವಿನ ಮಧ್ಯೆ ತೆಳ್ಳನೆಯ ಯುವಕನೊಬ್ಬ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತ. ಕೈಯಲ್ಲಿ ಸರ್ಟಿಫಿಕೇಟುಗಳ ಪ್ಲಾಸ್ಟಿಕ್ ಕವರಿತ್ತು. ಅಂಗಿಯ ಬಟ್ಟೆ ಸವರಿ ನೋಡಿದ. ತಮಾಷೆಯ ಮುಖವಲ್ಲ ಅದು.

"ಅಕ್ಕ, ಇವತ್ತು ದಳದಲ್ಲಿ ಒಂದು ಜಾಗ ಖಾಲಿ ಆಯ್ತಲ್ಲ," ಅಂದ ಮೆಲ್ಲಗೆ. "ಇದನ್ನ ಹಾಕ್ಕೊಂಡು ಹೋದ್ರೆ ನಂಗೆ ಕೊಡ್ತಾರಾ?"

ನಗು ನಿಂತಿತು. ಮುಂಬುವಾ ಅವನ ಮುಖ ನೋಡಿದಳು. ಅಂಗಿಯ ಒಂದು ತೋಳನ್ನು ಹಲ್ಲಲ್ಲಿ ಕಚ್ಚಿದಳು, ಇನ್ನೊಂದನ್ನು ಬಲಗೈಗೆ ಸುತ್ತಿ ಎಳೆದಳು. ಬೆನ್ನಿನುದ್ದಕ್ಕೂ ಹರಿಯುವವರೆಗೆ ಎಳೆದಳು.

"ಇದು ಹರಿದಿದೆ ತಮ್ಮ," ಅಂದಳು. "ಬೇರೆ ಏನಾದ್ರೂ ನೋಡು."