ಎಡಕ್ಕೆ ತಿರುಗಿದ ಹದಿನಾಲ್ಕು ದಿನ

ಹದಿನಾರನೇ ತಾರೀಕು, ಮಧ್ಯಾಹ್ನ ಮೂರೂ ಹತ್ತು, ಇಲ್ಲೇ ಬರೆದಿದೆ ನೋಡ್ರೀ, ಕಣ್ಣು ಬಿಟ್ಟು ನೋಡಿ, ಸುಳ್ಳು ಹೇಳೋಕೂ ಒಂದು ಮಿತಿ ಬೇಡ್ವಾ — ಹೆಂಡತಿಯ ಬೆರಳು ಟಿವಿಯ ಗಾಜಿಗೆ ಒತ್ತಿಕೊಂಡಿದೆ, ಒತ್ತಿದ ಕಡೆ ಬಣ್ಣಗಳು ಎಣ್ಣೆ ಬಿದ್ದ ನೀರಿನಂತೆ ಕದಡುತ್ತಿವೆ, ಗಾಜು ಹೋಗತ್ತೆ ಕಣೇ ತೆಗಿ ಬೆರಳು ಎಂದು ಕೂಗಿದ್ದೇನೆ, ಕೂಗಬೇಕಾದ ಮಾತು ಅದಲ್ಲ, ಬಾಯಿಗೆ ಬಂದದ್ದು ಮಾತ್ರ ಅದೇ, ನನ್ನ ಬಾಯಿ ಯಾವತ್ತೂ ಹೀಗೇ, ಲಿಫ್ಟು ರಿಪೇರಿ ನನ್ನ ಕೆಲಸ, ಲಿಫ್ಟು ಎರಡು ಮಹಡಿಯ ನಡುವೆ ನಿಂತು ಒಳಗೆ ಜನ ಅಳುತ್ತಿದ್ದರೂ ನಾನು ಮೊದಲು ಕೂಗುವುದು ಬಾಗಿಲಿಗೆ ಒದೀಬೇಡ್ರೋ ಎಂದೇ. ಗಾಜು ಹೋಗತ್ತಂತೆ, ಹೋಗ್ಲಿ ಬಿಡಿ, ಎರಡು ವಾರದಿಂದ ನನ್ನ ಕಣ್ಣಿಗೆ ಮಣ್ಣೆರಚಿದಿರಲ್ಲ, ಅದಕ್ಕೇನಂತೀರಿ. ಪರದೆಯ ತುಂಬ ಬಹುಮಾನದ ಕಪ್ಪುಗಳ ಸಾಲು, ಆಟದಲ್ಲಿ ಒಂದೊಂದು ಘಟ್ಟ ದಾಟಿದಾಗಲೂ ಈ ಗೇಮಿನ ಡಬ್ಬಿ ಟಿಣ್ ಎಂದು ಒಂದು ಕಪ್ಪು ಕೊಡುತ್ತದೆ, ಅಷ್ಟು ನನಗೆ ಗೊತ್ತಿತ್ತು, ಕಪ್ಪಿನ ಪಕ್ಕ ದಿನ, ಗಂಟೆ, ನಿಮಿಷವನ್ನು ಇರುವೆಯಷ್ಟು ಸಣ್ಣಗೆ ಬರೆದಿಟ್ಟುಕೊಳ್ಳುತ್ತದೆ ಎಂದು ಯಾರು ಕಂಡಿದ್ದರು, ಯಾರು ಕೇಳಿದ್ದರು ಅದನ್ನು, ಲಿಫ್ಟಿನ ಮೋಟಾರು ಕೋಣೆಯಲ್ಲಿ ನಾವು ಬರೆಯುವ ತಪಾಸಣೆ ಪುಸ್ತಕದಲ್ಲಾದರೆ ಒಂದು ದಿನ ಹಿಂದೆ ಮುಂದೆ ಹಾಕಬಹುದು, ಈ ಕರಿ ಡಬ್ಬಿಗೆ ಕರುಣೆಯೇ ಇಲ್ಲ. ಅಂಚೆಯವನ ಆಟದಲ್ಲಿ ಕೊನೇ ಕಾಗದ ತಲುಪಿಸಿದ್ದಕ್ಕೆ ಕೊನೇ ಕಪ್ಪು, ಹದಿನಾರನೇ ತಾರೀಕು. ಇವತ್ತು ಮೂವತ್ತು. ಅವಳು ಎಣಿಸುತ್ತಿದ್ದಾಳೆ, ಹದಿನಾಲ್ಕು ದಿನ, ಹದಿನಾಲ್ಕು ದಿನ ಆಟ ಆಡಿದಿರಿ ನನ್ನ ಜೊತೆ. ಅದು ನಿಜವೇ, ಆಟವನ್ನೇ ಆಡಿದೆ, ಮತ್ತೇನು ಮಾಡಿದೆ, ಎಂದು ನಗಿಸಲು ನೋಡಿದೆ, ನಗಲಿಲ್ಲ. ಆಟ ಮುಗೀಲಿ, ಆಮೇಲೆ ಕೂತು ಮಾತಾಡೋಣ ಎಂದು ಹೇಳಿದವನು ನಾನೇ. ಅವಳು ನರ್ಸು, ಅವಳ ಆಸ್ಪತ್ರೆಯವರು ಬೇರೆ ಊರಿನಲ್ಲಿ ಹೊಸದೊಂದು ತೆರೆದು ಇಡೀ ವಾರ್ಡನ್ನೇ ಅವಳ ಕೈಗೆ ಕೊಡುತ್ತೇವೆ, ಮೂವತ್ತನೇ ತಾರೀಕಿನೊಳಗೆ ಬರುತ್ತೇನೆ ಅಥವಾ ಬರುವುದಿಲ್ಲ ಎಂದು ಹೇಳು ಎಂದು ಕಾಗದ ಕೊಟ್ಟಿದ್ದರು, ನೀವೂ ಬನ್ನಿ, ಅಲ್ಲೇನು ಜನ ಮೆಟ್ಟಿಲು ಹತ್ಕೊಂಡೇ ಸಾಯ್ತಾರಾ, ಅಲ್ಲೂ ಲಿಫ್ಟು ಇರತ್ತೆ, ಕೆಡತ್ತೆ ಎಂದಿದ್ದಳು, ಅದಕ್ಕೆ ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಆಟ ಮುಗೀಲಿ ಎಂದೆ. ಯಾಕೆ ಹಾಗೆಂದೆ. ಗೊತ್ತಿಲ್ಲ. ಇವತ್ತು ಬೆಳಿಗ್ಗೆ ಎದ್ದವಳೇ, ಇನ್ನೆಷ್ಟು ಉಳಿದಿದೆ ನೋಡೇಬಿಡ್ತೀನಿ ಎಂದು ಕಪ್ಪುಗಳ ಪಟ್ಟಿ ತೆಗೆದಳು.

ಈ ಡಬ್ಬಿ ನಮ್ಮದಲ್ಲ, ನನ್ನ ಜೊತೆ ಕೆಲಸ ಮಾಡುವ ಫಿಟ್ಟರಿನದು, ನಾನು ಲಿಫ್ಟಿನ ಕೆಳಗಿನ ಹೊಂಡಕ್ಕೆ ಜಾರಿ ಕಾಲು ಮುರಿದುಕೊಂಡಾಗ ಅವನೇ ತಂದು ಜೋಡಿಸಿಕೊಟ್ಟ, ಮೂರು ಸಿಡಿ ಕೊಟ್ಟ, ಗುರುವೇ, ಎರಡು ತಿಂಗಳು ಹೆಂಡತಿ ಮೇಲೆ ಹಾರಾಡೋ ಬದಲು ಇದರಲ್ಲಿ ರಾಕ್ಷಸರ ಮೇಲೆ ಹಾರಾಡು ಎಂದ. ಮೊದಲನೆಯದು ಅದೇ, ಗಡ್ಡದವನೊಬ್ಬ ಕೊಡಲಿ ಹಿಡಿದು ಊರೂರು ತಿರುಗುವ ಆಟ, ಮನೆ ಕಳೆದುಕೊಂಡಿದ್ದಾನೆ, ಯಾರು ಸುಟ್ಟರೋ ಅವರನ್ನು ಹುಡುಕುತ್ತಾನೆ. ಅದರಲ್ಲಿ ಮಾತಿಗಿಂತ ಓದುವುದೇ ಹೆಚ್ಚು, ಎಲ್ಲ ಇಂಗ್ಲಿಷು, ನಾನು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು, ನನಗೆ ಬರುವ ಇಂಗ್ಲಿಷು ಲಿಫ್ಟಿನ ಗುಂಡಿಗಳ ಮೇಲಿರುವಷ್ಟು, ಹಾಗಾಗಿ ಓದುವುದು ಅವಳು, ಒತ್ತುವುದು ನಾನು, ಇದು ನಮ್ಮ ಒಪ್ಪಂದ. ಡ್ಯೂಟಿ ಮುಗಿಸಿ ಬಂದು ಕಾಲು ತೊಳೆದು ನನ್ನ ಪ್ಲಾಸ್ಟರಿನ ಕಾಲಿಟ್ಟ ಸ್ಟೂಲಿನ ತುದಿಯಲ್ಲೇ ಕೂರುತ್ತಿದ್ದಳು, ಅವನು ಹೇಳ್ತಾನೆ, ನನ್ನ ತಮ್ಮ ಎಲ್ಲಿ ಅಂತ, ನೀವೀಗ ಹೊಡೀಬೇಡಿ, ಮೊದಲು ಕೇಳಿ, ಅಯ್ಯೋ ಹೊಡೆದೇಬಿಟ್ರಲ್ಲ, ಅವನೊಬ್ಬನಿಗೇ ದಾರಿ ಗೊತ್ತಿತ್ತು ಮಾರಾಯ್ರೇ. ಕೊಡಲಿ ಆಟ ನನಗೆ ಹಿಡಿಸಿತು, ಹನ್ನೊಂದು ದಿನದಲ್ಲಿ ಮುಗಿಸಿದೆವು, ಆದರೆ ಒಂದು ಮಾತು, ಸತ್ತವರ ಹೆಣ ಎಣಿಸುವಷ್ಟರಲ್ಲಿ ಮಾಯ, ಒರೆಸುವವರಿಲ್ಲ, ಹೊರುವವರಿಲ್ಲ, ವಾರ್ಡಿನಲ್ಲಿ ಹೀಗಾದ್ರೆ ನಮ್ಮ ಅರ್ಧ ಕೆಲಸ ಕಮ್ಮಿ ಎಂದಳು. ಮುಗಿದಾಗ ಅವನು ಸುಟ್ಟ ಮನೆಯ ಹೊಸ್ತಿಲ ಮೇಲೆ ಕೂತ, ಆಟ ಮಾಡಿದವರ ಹೆಸರುಗಳು ಸಾಲಾಗಿ ಮೇಲೆ ಹೋದವು, ಇಷ್ಟಕ್ಕೇನಾ ಎಂದು ನನಗೆ ಸಿಟ್ಟೇ ಬಂತು. ಎರಡನೆಯದು ಪಾಳು ಆಸ್ಪತ್ರೆಯ ದೆವ್ವದ ಆಟ, ಹೆದರಿಸಲು ಮಾಡಿದ್ದಾರೆ, ಅವಳು ಹೆದರಲಿಲ್ಲ, ಬಿದ್ದು ಬಿದ್ದು ನಕ್ಕಳು, ಯಾವನ್ರೀ ಅವನು, ಸಲೈನ್ ಬಾಟ್ಲಿನ ಬಾಯಿ ಮೇಲೆ ಮಾಡಿ ತೂಗುಹಾಕಿದಾನೆ, ಮಂಚದ ಚಕ್ರಕ್ಕೆ ಬ್ರೇಕೇ ಇಲ್ಲ, ಈ ಪೇಶಂಟು ದೆವ್ವ ಆಗ್ದೆ ಇನ್ನೇನಾಗ್ತಾನೆ. ನನಗೆ ಉರಿದದ್ದು ಲಿಫ್ಟು ನೋಡಿ, ಆರು ಮಹಡಿಯ ಲಿಫ್ಟು ಒಂದೇ ಒಂದು ಸರಪಳಿಯಲ್ಲಿ ನೇತಾಡುತ್ತಿದೆ, ಅದನ್ನು ಸಮ ತೂಗಲು ಎದುರು ತೂಕ ಇಲ್ಲ, ಜನ ನಿಲ್ಲುವ ಪೆಟ್ಟಿಗೆ ಬಾರದಿದ್ದರೂ ಬಾಗಿಲು ಬಾಯಿ ತೆರೆದು ನಿಂತಿದೆ, ಇಂಥ ಬಾಗಿಲಿನಿಂದಲೇ ನನ್ನ ಕಾಲು ಹೋಯಿತು, ಇದನ್ನು ಪಾಸು ಮಾಡಿದವನನ್ನು ಮೊದಲು ನೇತುಹಾಕಬೇಕು ಎಂದು ಕಿರುಚಿದೆ, ಕೆಳಗಿನ ಮನೆಯವರು ಸೂರಿಗೆ ಕೋಲಿನಲ್ಲಿ ಕುಟ್ಟಿದರು, ಅವಳು ಕಣ್ಣೊರೆಸಿಕೊಂಡು ನಗುತ್ತಲೇ ಇದ್ದಳು. ಮದುವೆಯಾಗಿ ಹತ್ತೊಂಬತ್ತು ವರ್ಷ, ಅಷ್ಟೊಂದು ನಗು ಈ ಮನೆಯಲ್ಲಿ ಮೊದಲು ಯಾವಾಗ ಕೇಳಿದ್ದೆ, ಕೇಳಿದ್ದೆನೋ ಇಲ್ಲವೋ, ಶಿಫ್ಟು ಅವಳದು, ಶಿಫ್ಟು ನನ್ನದು, ಬಾಗಿಲಲ್ಲಿ ಎದುರಾಗಿ, ಸಾರು ಇದೆ ಬಿಸಿ ಮಾಡ್ಕೊಳ್ಳಿ, ಅಷ್ಟೇ ಸಂಸಾರ. ಮುರಿದ ಕಾಲು ಮಾಡಿದ ಉಪಕಾರ ಇದು ಎಂದು ಒಂದು ದಿನ ನಾನೇ ಹೇಳಿದೆ, ಹಾಗೆಲ್ಲ ಹೇಳುವವನಲ್ಲ ನಾನು.

ಮೂರನೆಯದು ಅಂಚೆಯವನದು. ಹಿಮದ ಬೆಟ್ಟ, ಹೆಗಲಿಗೆ ಚೀಲ, ಒಂದೊಂದು ಮನೆಗೂ ಒಂದೊಂದು ಕಾಗದ, ಹೊಡೆದಾಟ ಇಲ್ಲ ಏನೂ ಇಲ್ಲ, ಇದೆಂಥ ಆಟ, ನಡೆಯೋದಕ್ಕೆ ಸಿಡಿ ಬೇಕಾ ಎಂದೆ, ನಡೆಯೋಕಾಗದೆ ಕೂತೋರು ನೀವೇ ತಾನೆ, ನಡೀರಿ ಎಂದಳು. ಕಾಗದ ಕೊಟ್ಟಾಗ ಮನೆಯವರು ಅದನ್ನು ತೆರೆದು ಓದುತ್ತಾರೆ, ಅವಳು ನನಗೆ ಓದಿ ಹೇಳುತ್ತಾಳೆ, ತಂಗಿ ಅಕ್ಕನಿಗೆ ಬರೆದದ್ದು, ಮೀನಿನವನು ಬಡಗಿಗೆ ಬೈದು ಬರೆದದ್ದು, ಒಂದೊಂದಕ್ಕೆ ಅವಳ ದನಿಯೇ ಬೇರೆ, ಮೀನಿನವನ ಬೈಗುಳವನ್ನು ಅಂತೂ ನನ್ನ ದನಿಯಲ್ಲೇ ಓದಿದಳು. ಆಗಲೇ ಅವಳ ಆಸ್ಪತ್ರೆಯ ಕಾಗದ ಬಂದದ್ದು. ಆಗಲೇ ನಾನು ಹೇಳಿದ್ದು, ಆಟ ಮುಗೀಲಿ. ಹದಿನಾರನೇ ತಾರೀಕು ಅವಳು ಡ್ಯೂಟಿಯಲ್ಲಿದ್ದಳು, ನಾನು ಸುಮ್ಮನೆ ಕೈ ಆಡಿಸಲು ಹಚ್ಚಿದೆ, ಕಣಿವೆಯಲ್ಲಿ ದಾರಿ ಎರಡಾಗುವ ಜಾಗ, ಬಲಕ್ಕೆ ತಿರುಗಿದೆ, ಯೋಚನೆ ಮಾಡಿ ತಿರುಗಿದ್ದಲ್ಲ, ಹೆಬ್ಬೆರಳು ಹೋಯಿತು, ದಾರಿ ಮೇಲೆ ಮೇಲೆ ಹತ್ತಿತು, ತುದಿಯಲ್ಲಿ ಒಂದು ಮನೆ, ಅಲ್ಲಿ ನಿಲ್ಲಬೇಕಿತ್ತು, ನಿಲ್ಲಲಿಲ್ಲ, ಬಾಗಿಲ ಮುಂದೆ ಆಟ ಏನೋ ಕೇಳಿತು, ಎರಡು ಸಾಲು, ಎರಡು ಗುಂಡಿ, ಒಂದನ್ನು ಒತ್ತಿದೆ. ಒಳಗೆ ದೀಪ ಉರಿಯುತ್ತಿತ್ತು, ಯಾರೂ ಇಲ್ಲ. ಅಂಚೆಯವನು ಕುರ್ಚಿಯಲ್ಲಿ ಕೂತು ಚೀಲದ ಕೊನೆಯ ಕಾಗದವನ್ನು ತಾನೇ ತೆರೆದ, ಪರದೆಯ ತುಂಬ ನಾಲ್ಕು ಸಾಲು, ಓದಲು ಬಾರದು, ಪೆನ್ಸಿಲ್ ಹುಡುಕಿ ಅಕ್ಷರಗಳನ್ನು ಚಿತ್ರದ ಹಾಗೆ ಪ್ಲಾಸ್ಟರಿನ ಮೇಲೆಯೇ ಬರೆದುಕೊಳ್ಳುತ್ತ ಹೋದೆ, ಒಂದು ಸಾಲೂ ಪೂರ್ತಿಯಾಗಲಿಲ್ಲ, ಕಾಗದ ಮಡಚಿಕೊಂಡಿತು, ಅವನು ಎದ್ದು ದೀಪ ಆರಿಸಿದ, ಟಿಣ್ ಎಂದಿತು. ಒಳ್ಳೆಯದೋ ಕೆಟ್ಟದ್ದೋ, ಯಾರು ಯಾರಿಗೆ ಬರೆದದ್ದು, ಏನೂ ತಿಳಿಯಲಿಲ್ಲ, ಮುಗಿಸಿದ್ದೇನೆ, ಏನು ಮುಗಿಸಿದೆ ಎಂದು ಗೊತ್ತಿಲ್ಲ. ಅವಳನ್ನೇ ಕೇಳಬೇಕು, ಕೇಳಿದರೆ ಮುಗಿದಿದೆ ಎಂದು ಗೊತ್ತಾಗುತ್ತದೆ, ಮುಗಿದರೆ ಕೂತು ಮಾತಾಡಬೇಕು. ಪ್ಲಾಸ್ಟರಿನ ಮೇಲಿದ್ದದ್ದನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಿ, ಹಿಂದೆ ಉಳಿಸಿಟ್ಟಿದ್ದ ಕಡೆಯಿಂದ ಆಟ ಮತ್ತೆ ಹಚ್ಚಿದೆ, ಸಂಜೆ ಅವಳು ಬಂದು ಕೂತಳು, ಎಲ್ಲಿದೀವಿ ಎಂದಳು, ಅಲ್ಲೇ, ಕಣಿವೆಯಲ್ಲಿ, ದಾರಿ ಸಿಗ್ತಿಲ್ಲ ಎಂದೆ, ಎಡಕ್ಕೆ ತಿರುಗಿದೆ. ಎಡಕ್ಕೆ ಹೋದರೆ ಹಿಮ, ಬಂಡೆ, ಸುತ್ತಿ ಮತ್ತೆ ಅದೇ ಜಾಗ. ಮರುದಿನವೂ ಎಡಕ್ಕೆ. ಬಲಕ್ಕೆ ಹೋಗಿ ನೋಡೋಣ ಎಂದಳು, ನಿನ್ನೆ ನೋಡಿದೀನಿ ಅಲ್ಲಿ ಗೋಡೆ ಇದೆ ಎಂದೆ, ನಂಬಿದಳು. ನಂಬಿ, ವಾರ್ಡಿನ ಜ್ವರದ ಚಾರ್ಟಿನ ಹಿಂಬದಿಯಲ್ಲಿ ಆ ಕಣಿವೆಯ ನಕ್ಷೆ ಬರೆಯತೊಡಗಿದಳು, ಹನ್ನೆರಡು ಗಂಟೆ ನಿಂತು ಬಂದ ಕಾಲು ಮಡಚಿಕೊಂಡು, ಈ ಬಂಡೆ ಆಯ್ತು, ಈ ಮರ ಆಯ್ತು, ತಾಳಿ, ಅಳಿಸ್ತೀನಿ, ಮತ್ತೆ ಹೋಗಿ. ನಾನು ಹೋದೆ. ಎಡಕ್ಕೆ. ಇಂಥ ಕೆಲಸ ಮಾಡುವವನು ಎಂಥವನು, ನಾನೇನು ಹೆದರುಪುಕ್ಕಲನೇ, ಹದಿನಾಲ್ಕನೇ ಮಹಡಿಯಲ್ಲಿ ಪೆಟ್ಟಿಗೆಯ ತಲೆ ಮೇಲೆ ನಿಂತು ಗ್ರೀಸು ಹಚ್ಚುವವನು, ಹೋಗಬೇಡ ಎನ್ನಬಹುದಿತ್ತು, ನಾನೂ ಬರುತ್ತೇನೆ ಎನ್ನಬಹುದಿತ್ತು, ಹೋಗಿ ಹಾಳಾಗು ಎಂದಾದರೂ ಎನ್ನಬಹುದಿತ್ತು, ಬೈಯುವುದು ನನಗೆ ಉಸಿರಾಡಿದಷ್ಟು ಸುಲಭ. ಹೀಗೇ ಇರಲಿ ಎಂದು ಮನಸ್ಸಿನಲ್ಲಿ ಇತ್ತೋ, ಅವಳು ಸ್ಟೂಲಿನ ತುದಿಯಲ್ಲಿ, ನಾನು ಇಲ್ಲಿ, ಅಂಚೆಯವನು ಅಲ್ಲಿ — ಇರಬಹುದು, ಅಲ್ಲದೆಯೂ ಇರಬಹುದು.

ಪಟ್ಟಿ ಮುಚ್ಚಿದಳು. ಕಪ್ಪುಗಳು ಹೋಗಿ ಅಂಚೆಯವನು ಬಂದ, ದಾರಿ ಎರಡಾಗುವ ಜಾಗದಲ್ಲಿ ನಿಂತಿದ್ದಾನೆ, ನಾವು ಏನೂ ಒತ್ತದಿದ್ದರೆ ಅವನು ಕೈ ಉಜ್ಜಿಕೊಳ್ಳುತ್ತಾನೆ, ಬಾಯಿಂದ ಹಬೆ ಬಿಡುತ್ತಾನೆ, ಆಮೇಲೆ ಒಮ್ಮೆ ಹಿಂದಕ್ಕೆ ತಿರುಗಿ ನೋಡುತ್ತಾನೆ. ಹೇಳಿ ಈಗ, ಮುಗೀತಲ್ಲ, ಮಾತಾಡಿ, ನಾನು ಇಲ್ಲೇ ನಿಂತಿದೀನಿ ಎಂದಳು ಹೆಂಡತಿ, ದನಿ ಇಳಿದಿತ್ತು, ಸಿಟ್ಟು ಮುಗಿದು ಬೇರೇನೋ ಬಂದಿತ್ತು, ಅದು ಒಳ್ಳೆಯ ಹೊತ್ತು, ಈಗ ತಿಳಿಯುತ್ತದೆ, ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಕಾಯುತ್ತಿದ್ದಳು, ನಾನು ಬಾಯಿ ತೆರೆದೆ, ತೆರೆದು ಕೇಳಿದ್ದು ಇದು — ಆ ಕೊನೇ ಕಾಗದದಲ್ಲಿ ಏನು ಬರೆದಿರತ್ತೆ, ಸ್ವಲ್ಪ ಓದಿ ಹೇಳ್ತೀಯಾ, ಬಲಕ್ಕೆ ಹೋದ್ರೆ ಐದೇ ನಿಮಿಷ. ಅವಳು ನನ್ನನ್ನು ನೋಡಿದಳು, ಹೊಸ ಪೇಶಂಟನ್ನು ನೋಡುವ ಹಾಗೆ. ಆ ಕಾಗದ, ಎಂದಳು. ನನ್ನ ಕಾಗದ ಒಂದು ತಿಂಗಳಿಂದ ಈ ಟಿವಿ ಪಕ್ಕಾನೇ ಇದೆ, ಅದರಲ್ಲಿ ಇನ್ನೇನಿದೆ ಅಂತ ಒಂದ್ಸಲ ಕೇಳಿದ್ರಾ, ನಿಮಗೂ ಅಲ್ಲಿ ಕೆಲಸ ಕೇಳಿದ್ದೆ, ಅದಕ್ಕೆ ಅದರ ಕೆಳಗೇ ಬರೆದಿದಾರೆ, ಲಿಫ್ಟು ನೋಡ್ಕೊಳ್ಳೋಕೆ ಜನ ಬೇಕು, ಗಂಡನನ್ನೂ ಕರ್ಕೊಂಡು ಬನ್ನಿ ಅಂತ, ಓದಿ ಹೇಳು ಅಂದಿದ್ರೆ ಓದ್ತಿದ್ದೆ, ಓದೋದು ನಾನೇ ತಾನೆ. ಯಾಕೆ ಮೊದಲೇ ಬೊಗಳಲಿಲ್ಲ ಎಂದು ನಾನು ಕೂಗಿದೆ, ಕೂಗಿಯೇ ಬಿಟ್ಟೆ, ಕೇಳೋರು ಕೇಳ್ಬೇಕಿತ್ತು ಎಂದಳು, ಒಳಗೆ ಹೋದಳು, ಬೀರು ತೆರೆದ ಸದ್ದು, ಚೀಲದ ಜಿಪ್ಪಿನ ಸದ್ದು, ಹೊರಗೆ ಬಂದು ನನ್ನ ಊರುಗೋಲನ್ನು ಎತ್ತಿ ನನ್ನ ಕೈಗೆಟುಕುವ ಹಾಗೆ ಕುರ್ಚಿಗೆ ಒರಗಿಸಿಟ್ಟಳು, ಆ ಹೊತ್ತಿನಲ್ಲೂ, ಸಾರು ಇದೆ ಬಿಸಿ ಮಾಡ್ಕೊಳ್ಳಿ ಎಂದಳು, ಬಾಗಿಲು ಎಳೆದುಕೊಂಡಳು. ನಾಲ್ಕು ಮಹಡಿ ಕೆಳಗೆ ಲಿಫ್ಟು ಇಳಿದದ್ದು ಕೇಳಿಸಿತು, ಮೂರರಲ್ಲಿ ಸಣ್ಣಗೆ ತಡೆಯುತ್ತದೆ ಅದು, ಆ ಹಳಿ ಸರಿಮಾಡಬೇಕು, ಎಂದುಕೊಂಡೆ, ಥೂ, ಆಗಲೂ ಎಂದುಕೊಂಡದ್ದು ಅದನ್ನೇ. ಡ್ಯೂಟಿಗೆ ಹೋದಳು, ಬಟ್ಟೆ ಬದಲಿಸಲು ಚೀಲ, ಸಂಜೆಗೆ ಸಿಟ್ಟಿಳಿಯುತ್ತದೆ, ಬರುತ್ತಾಳೆ, ಬಂದರೆ ನಾನೇ ಮೊದಲು ಹೇಳುತ್ತೇನೆ, ಏನು ಹೇಳುತ್ತೇನೆ, ಬರುತ್ತೇನೆ ಎಂದೇ ಹೇಳುತ್ತೇನೆ, ಅಲ್ಲೂ ಲಿಫ್ಟು ಕೆಡುತ್ತದೆ ಎಂದು ಹೇಳುತ್ತೇನೆ, ಸರಿಯಾಗಿ ಹೇಳಲು ಬಂದೀತೇ ಎಂದು ಬಾಯಲ್ಲೇ ಎರಡು ಸಲ ಹೇಳಿ ನೋಡಿದೆ, ಎರಡು ಸಲವೂ ಬೈದ ಹಾಗೇ ಕೇಳಿಸಿತು. ಐದು ಗಂಟೆಗೆ ಅವಳ ಫೋನು ಹತ್ತಲಿಲ್ಲ, ವಾರ್ಡಿಗೆ ಮಾಡಿದೆ, ಆಯಾ ಎತ್ತಿಕೊಂಡಳು, ಸಿಸ್ಟರಾ, ಅವರು ಸಹಿ ಹಾಕಿ ಮಧ್ಯಾಹ್ನದ ಬಸ್ಸಿಗೇ ಹೊರಟ್ರಲ್ಲಣ್ಣ, ನಾಳೆಯಿಂದ ಅಲ್ಲೇ ಡ್ಯೂಟಿ, ನಿಮಗೆ ಗೊತ್ತಿಲ್ವಾ, ಮನೆ ಬೀಗದ ಕೈ ನನ್ನ ಹತ್ರ ಕೊಟ್ಟು ಹೋಗಿದಾರೆ, ಇನ್ನು ನಂಗೆ ಬೇಡ, ಕಾಲು ಸರಿ ಆದ್ಮೇಲೆ ಅವರೇ ಬಂದು ಇಸ್ಕೊಳ್ಳಲಿ ಅಂದ್ರು. ಇನ್ನೇನಂದ್ಲು. ಇನ್ನೇನಿಲ್ಲಣ್ಣ. ಇನ್ನೇನಾದ್ರೂ ಅಂದಿರ್ತಾಳೆ, ನೆನಪು ಮಾಡ್ಕೋ. ಇಲ್ಲಣ್ಣ, ಅಷ್ಟೇ. ಫೋನು ಇಟ್ಟೆನೋ, ಆಯಾನೇ ಇಟ್ಟಳೋ. ಕಂಟ್ರೋಲರ್ ತೊಡೆಯ ಮೇಲಿದೆ, ಬಲಕ್ಕೆ ತಿರುಗಿಸಿದರೆ ಐದು ನಿಮಿಷ, ಮನೆ, ದೀಪ, ನಾಲ್ಕು ಸಾಲು, ಯಾರು ಓದುತ್ತಾರೆ, ಎಡಕ್ಕೆ ತಿರುಗಿಸಿದರೆ ಸುತ್ತಿ ಇಲ್ಲಿಗೇ, ಯಾರಿಗಾಗಿ ಸುತ್ತಬೇಕು, ಹೆಬ್ಬೆರಳು ಇಟ್ಟಲ್ಲೇ ಇದೆ, ಅವನು ಹಿಮದಲ್ಲಿ ನಿಂತಿದ್ದಾನೆ, ಕೈ ಉಜ್ಜಿಕೊಳ್ಳುತ್ತಾನೆ, ಹಬೆ ಬಿಡುತ್ತಾನೆ, ಹಿಂದಕ್ಕೆ ತಿರುಗಿ ನೋಡುತ್ತಾನೆ, ಕೈ ಉಜ್ಜಿಕೊಳ್ಳುತ್ತಾನೆ, ಹಬೆ, ಹಿಂದಕ್ಕೆ ತಿರುಗಿ ನೋಡುತ್ತಾನೆ, ಹಿಂದಕ್ಕೆ ತಿರುಗಿ