ಸೊಗಡಿಗೆ ಕೆಂಪು ದೀಪ

ಪಾಪಕ್ಕನ ಕೈಗೆ ಅವರೆಕಾಯಿ ಗೊತ್ತು. ಬೆಂಗಳೂರಿನ ಮಾರುಕಟ್ಟೆಯಲ್ಲಿ ಹದಿನೆಂಟು ವರ್ಷ ತರಕಾರಿ ಆರಿಸಿದ ಕೈ ಅದು. ಈಗ ನೆಲಮಂಗಲದ ಹೆದ್ದಾರಿ ಪಕ್ಕದ ಗೋದಾಮಿನಲ್ಲಿ, ಜನ ಫೋನಿನಲ್ಲೇ ದಿನಸಿ ತರಕಾರಿ ತರಿಸಿಕೊಳ್ಳುವ ಕಂಪನಿಯೊಂದರಲ್ಲಿ ಅವಳಿಗೆ ಕೆಲಸ. ಆದರೆ ಇಲ್ಲಿ ಆರಿಸುವುದು ಅವಳಲ್ಲ, ತಲೆಯ ಮೇಲೆ ತೂಗುಹಾಕಿದ ಕ್ಯಾಮೆರಾ. ಬೆಲ್ಟಿನ ಮೇಲೆ ಕ್ರೇಟ್ ಬಂದರೆ ಒಳ್ಳೆಯದಕ್ಕೆ ಹಸಿರು ದೀಪ, ಕೆಟ್ಟದ್ದಕ್ಕೆ ಕೆಂಪು. ಅದು ಹೇಳಿದ್ದಕ್ಕೆ ಪಾಪಕ್ಕ ಪರದೆಯ ಮೇಲೆ ‘ಸರಿ’ ಅಥವಾ ‘ತಪ್ಪು’ ಒತ್ತಬೇಕು. ತಪ್ಪು ಎಂದು ಒತ್ತಿದರೆ ಎಮ್ಮೆ ಒದರಿದಂತೆ ಹಾರನ್ ಕೂಗುತ್ತದೆ, ಇಡೀ ಗೋದಾಮು ತಿರುಗಿ ನೋಡುತ್ತದೆ. ಮಾನ ಮರ್ಯಾದೆ ಇರುವವರು ಯಾರು ತಾನೇ ಒತ್ತುತ್ತಾರೆ?

ಸಂಕ್ರಾಂತಿಗೆ ಮುಂಚಿನ ಚಳಿಯ ಒಂದು ಬೆಳಗ್ಗೆ, ತ್ಯಾಮಗೊಂಡ್ಲು ಕಡೆಯ ದೊಡ್ಡಮುನಿಯಪ್ಪನ ಹೊಲದಿಂದ ಹದಿನಾಲ್ಕು ಕ್ರೇಟ್ ಅವರೆ ಬಂತು. ಮಂಜು ಕುಡಿದ ಕಾಯಿ. ಮೈಮೇಲೆ ಎಣ್ಣೆ ಜಿನುಗಿ, ಅದಕ್ಕೆ ಧೂಳು ಮೆತ್ತಿ ಅಲ್ಲಲ್ಲಿ ಕಪ್ಪಗಾಗಿತ್ತು. ಮುಟ್ಟಿದರೆ ಬೆರಳಿಗೆ ಅಂಟು, ಸೋಪು ಹಾಕಿ ತಿಕ್ಕಿದರೂ ಹೋಗದ ಘಮಲು. ಸೊಗಡು ಎಂದರೆ ಅದೇ. ಈ ಸೀಮೆಯ ಜನ ವರ್ಷವಿಡೀ ಕಾಯುವುದು ಅದಕ್ಕೇ.

ಕ್ಯಾಮೆರಾಕ್ಕೆಲ್ಲಿಯ ಮೂಗು? ಮೊದಲ ಕ್ರೇಟಿಗೇ ಕೆಂಪು ದೀಪ ಹೊತ್ತಿ, ಪರದೆಯ ಮೇಲೆ ಅಕ್ಷರ ಮೂಡಿತು: ‘ಕಲೆ ಇದೆ, ಹಾಳು.’

ಪಾಪಕ್ಕ ತಪ್ಪು ಎಂದು ಒತ್ತಿದಳು. ಹಾರನ್ ಕೂಗಿತು. ಎರಡನೆಯದಕ್ಕೂ ಒತ್ತಿದಳು.

“ಸುಮ್ನೆ ಸರಿ ಅಂತ ಒತ್ಬಿಡಕ್ಕ, ನಮಗ್ಯಾಕೆ,” ಎಂದಳು ಪಕ್ಕದ ಬೆಲ್ಟಿನ ರೂಪ.

“ಮೊನ್ನೆ ಇಲ್ಲಿಂದ್ಲೇ ಅವರೆ ತಗೊಂಡೋಗಿ ಹಿತಕಿದ ಬೇಳೆ ಸಾರು ಮಾಡ್ದೆ, ಹುಲ್ಲು ತಿಂದಂಗಾಯ್ತು ಅಂದ್ಯಲ್ಲ? ಅದು ಇದರ ಹಸಿರು ದೀಪದ ಅವರೆ ಕಣೇ.”

ರೂಪ ತನ್ನ ಬೆಲ್ಟಿನ ಕಡೆ ತಿರುಗಿದಳು. ಏಳನೆಯ ಹಾರನ್ನಿಗೆ ಸೂಪರ್‌ವೈಸರ್ ಆನಂದ್ ಓಡಿ ಬಂದ.

“ಪಾಪಕ್ಕ, ದಿನಕ್ಕೆ ಹತ್ತು ಸಲ ತಪ್ಪು ಒತ್ತಿದ್ರೆ ನಿಮ್ಮ ಕಾರ್ಡ್ ತಾನಾಗೇ ಬಂದ್ ಆಗುತ್ತೆ. ನಾಳೆಯಿಂದ ಗೇಟಲ್ಲೂ ಬಿಡಲ್ಲ.”

“ಕಾಯಿ ಚೆನ್ನಾಗೈತೆ ಸಾರ್.”

“ಇದನ್ನ ಹಾಳು ಅಂತ ಮಿಷಿನ್‌ಗೆ ಕಲಿಸಿದ್ದೇ ನೀವು. ಹೋದ ತಿಂಗಳು ಅದು ಕೆಂಪು ತೋರ್ಸಿದ್ದಕ್ಕೆಲ್ಲ ಸರಿ, ಸರಿ ಅಂತ ಒತ್ತಿದ್ರಿ. ನೀವು ಒತ್ತಿದ್ದು ನೋಡ್ಕೊಂಡೇ ಅದು ಕಲಿಯೋದು.”

ನಿಜ. ಆ ಹಾಳು ಹಾರನ್ನಿಗೆ ಹೆದರಿ ಪಾಪಕ್ಕ ತಿಂಗಳೆಲ್ಲ ಸರಿ ಒತ್ತಿದ್ದಳು. ಅವಳ ಹೆದರಿಕೆಯನ್ನೇ ಅದು ಪಾಠ ಮಾಡಿಕೊಂಡಿತ್ತು. ಹೀಗೇ ಆದರೆ ಮುಂದಿನ ವರ್ಷ ದೊಡ್ಡಮುನಿಯಪ್ಪ ನಾಟಿ ಬೀಜ ಬಿಟ್ಟು, ಫಳಫಳ ಹೊಳೆಯುವ, ವಾಸನೆಯೇ ಇಲ್ಲದ ಅವರೆ ಹಾಕುತ್ತಾನೆ. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಒಂದು ಕಾಯಿ ಮುರಿದು ಆನಂದನ ಅಂಗೈಗೆ ಉಜ್ಜಿದಳು. “ನೀವೂ ದೊಡ್ಡಬಳ್ಳಾಪುರದೋರು. ಮೂಸಿ ಹೇಳಿ.”

ಅವನು ಮೂಸಿದ. ಒಂದು ಗಳಿಗೆ ಅವನ ಮುಖ ಮೆತ್ತಗಾಯಿತು. ಆಮೇಲೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. “ನನ್ನ ಕೈಲಿ ಏನೂ ಇಲ್ಲ ಪಾಪಕ್ಕ. ಸರಿ ಅಂತ ಒತ್ತಿ.”

ಕೆಲಸ ಹೋದರೆ ಐವತ್ತು ದಾಟಿದವಳನ್ನು ಇನ್ಯಾರು ಕರೆಯುತ್ತಾರೆ? ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ.

“ಕಲ್ಸಿದ್ದು ನಾನೇ ಅಂದ್ಮೇಲೆ, ಕಲ್ಸಿದ್ದು ತಪ್ಪು ಅಂತಾನೂ ನಾನೇ ಹೇಳ್ಬೇಕಲ್ಲ ಸಾರ್,” ಎಂದು ಎಂಟನೆಯ ಕ್ರೇಟಿಗೆ ಒತ್ತಿದಳು. ಒಂಬತ್ತನೆಯದಕ್ಕೂ ಒತ್ತಿದಳು. ಹತ್ತನೆಯದಕ್ಕೆ ಒತ್ತಿದಾಗ ಹಾರನ್ ಕೂಗಿ, ಪರದೆ ಕಪ್ಪಾಯಿತು.

ಆನಂದ್ ಉಳಿದ ನಾಲ್ಕು ಕ್ರೇಟನ್ನು ರೂಪಳ ಬೆಲ್ಟಿಗೆ ಹಾಕಿಸಿದ. ಪಾಪಕ್ಕ ಯಾರ ಮುಖವನ್ನೂ ನೋಡದೆ ಊಟದ ಡಬ್ಬಿ ಎತ್ತಿಕೊಂಡು ಹೊರಟಳು.

ಗೇಟಿನಲ್ಲಿ ಸೆಕ್ಯುರಿಟಿ ಪಾಪಯ್ಯನಿಗೆ ಕಾರ್ಡ್ ಬಿಚ್ಚಿ ಕೊಡುತ್ತಿದ್ದಾಗ ಒಳಗೆ ಹಾರನ್ ಕೂಗಿತು.

“ಯಾರ್ದೋ ಕೈ ತಪ್ಪಿರ್ಬೇಕು,” ಎಂದ ಪಾಪಯ್ಯ.

ಹಾರನ್ ಮತ್ತೆ ಕೂಗಿತು.

“ಕೈ ತಪ್ಪಿಲ್ಲ ಕಣಪ್ಪ,” ಎಂದು ಪಾಪಕ್ಕ ಡಬ್ಬಿಯನ್ನು ಗೇಟಿನ ಕಟ್ಟೆಯ ಮೇಲೆ ಇಟ್ಟಳು. “ಇನ್ನೂ ಎರಡು ಕ್ರೇಟ್ ಅವೆ. ಕೇಳ್ಕೊಂಡೇ ಹೋಗ್ತೀನಿ.”